ಮೂರು ಗಂಟೆಯ ಧ್ಯಾನ

ಸುಂದರಾಬಾಯಿ ದೊಡ್ಡ ಧ್ಯಾನಿ ಎಂದು ಮಹೇಶಕುಮಾರ ಒಂದೂವರೆ ವರ್ಷ ನಂಬಿಕೊಂಡಿದ್ದ. ನಂಬುವುದಕ್ಕೆ ಕಾರಣವೂ ಇತ್ತು. ಮಿಯಾಪುರದ ಅವನ ಹತ್ತಂತಸ್ತಿನ ಅಪಾರ್ಟ್‌ಮೆಂಟಿನ ಹಿಂಬದಿಯಲ್ಲಿ, ಜನರೇಟರ್ ಕೋಣೆಯ ಪಕ್ಕ, ಒಂದು ಸಿಮೆಂಟಿನ ಬೆಂಚಿದೆ. ಮಧ್ಯಾಹ್ನ ಮೂರಾಯಿತೆಂದರೆ, ಅವನ ಮನೆಯೂ ಸೇರಿ ಆರು ಮನೆಗಳ ಕಸ-ಮುಸುರೆ ಮಾಡುವ, ಭಾಲ್ಕಿ ಕಡೆಯ ಈ ಹೆಂಗಸು ಅಲ್ಲಿ ಬಂದು ಕೂರುತ್ತಿದ್ದಳು. ಬೆನ್ನು ನೆಟ್ಟಗೆ, ಕೈಗಳು ಮೊಣಕಾಲ ಮೇಲೆ, ಕಣ್ಣು ಮುಚ್ಚಿ. ಪಕ್ಕದಲ್ಲಿ ಜನರೇಟರು ಗುಡುಗಿದರೂ ರೆಪ್ಪೆ ಅಲುಗುತ್ತಿರಲಿಲ್ಲ. ಮನೆಯಿಂದಲೇ ಗಚ್ಚಿಬೌಲಿಯ ಆಫೀಸು ನಡೆಸುವ ಮಹೇಶಕುಮಾರ ನಾಲ್ಕನೆಯ ಮಹಡಿಯ ಬಾಲ್ಕನಿಯಿಂದ ಅದನ್ನು ನೋಡಿ, ಕಿವಿಯಲ್ಲಿ ಮೀಟಿಂಗು ಕುಯ್ಯಿಗುಡುತ್ತಿರುವಾಗಲೇ, ನಿಟ್ಟುಸಿರು ಬಿಡುತ್ತಿದ್ದ. ತನಗೆಲ್ಲಿಯ ಬಿಡುವು, ತನಗೆಲ್ಲಿಯ ಶಾಂತಿ! ಲೋಕದಲ್ಲಿ ಕೆಲಸದ ಭಾರಕ್ಕೆ ಸಿಕ್ಕು ನುಗ್ಗಾದವರ ಪಟ್ಟಿ ಮಾಡಿದರೆ ತನ್ನ ಹೆಸರು ಮೊದಲಿರುತ್ತದೆ ಎಂಬ ಬಗ್ಗೆ ಅವನಿಗೆ ಅನುಮಾನವಿರಲಿಲ್ಲ.

ಅನುಮಾನವಿದ್ದದ್ದು ಅವನ ಕೈಗಡಿಯಾರಕ್ಕೆ. ಆಫೀಸಿನವರು ಎಲ್ಲರ ಕೈಗೂ ಒಂದೊಂದು ಕಟ್ಟಿದ್ದರು. ಹೆಜ್ಜೆ, ನಿದ್ದೆ, ಎದೆಬಡಿತ ಮೂರನ್ನೂ ನೋಡಿ ಅದು ದಿನಕ್ಕೊಂದು ಬಣ್ಣ ಹೇಳುತ್ತಿತ್ತು. ಹಸಿರೆಂದರೆ ಆರಾಮ, ಕೆಂಪೆಂದರೆ ಅಪಾಯ. ಸತತ ಮೂರು ದಿನ ಕೆಂಪು ಬಂದವರಿಗೆ ಏಳು ದಿನ ವಿಶ್ರಾಂತಿ ರಜೆ. ಮಹೇಶಕುಮಾರನಿಗೆ ಎರಡು ತಿಂಗಳಿಂದ ಹಸಿರು. ಆ ಸೋಮವಾರ ಬೆಳಿಗ್ಗೆ, ಸಿಕಂದರಾಬಾದಿನ ತನ್ನ ಬ್ಯಾಂಕಿಗೆ ಹೊರಟುನಿಂತ ಹೆಂಡತಿ ಸ್ನೇಹಲತಾಳ ಮುಂದೆ ಅವನು ಮುಂಗೈ ಚಾಚಿ ನಿಂತಿದ್ದ.

ಮಹೇಶಕುಮಾರ: ಇದು ಕೆಟ್ಟೈತಿ. ಶುಕ್ರವಾರ ಐದು ಮೀಟಿಂಗ್ ಮಾಡೀನಿ, ಇಬ್ಬರಿಗೆ ಬೈದೀನಿ, ಅವರೊಳಗ ಒಬ್ಬಗ ಸಾರಿ ಕೇಳೀನಿ. ಆದರೂ ಹಸಿರು ಅಂದ್ರ ಏನರ್ಥ?

ಸ್ನೇಹಲತಾ: ಅದು ಎದಿಬಡಿತ ಎಣಸ್ತೈತಿ. ನಿಮ್ಮ ಎದಿ ತಣ್ಣಗ ಐತಿ. ಅದಕ್ಕೇನು ಮಾಡಬೇಕ್ರಿ ಅದು?

ಮಹೇಶಕುಮಾರ: ನನ್ನ ತ್ರಾಸ ಎದಿಯೊಳಗಿಲ್ಲ ಸ್ನೇಹಾ, ತಲಿಯೊಳಗೈತಿ.

ಸ್ನೇಹಲತಾ: ಹಂಗಾರ ತಲಿಗೆ ಕಟ್ಟಿಕೋರಿ.

ಮಹೇಶಕುಮಾರ: ನಗಬ್ಯಾಡ. ಬಸವರಾಜಗ ಕೆಂಪು ಬಂತು. ನನ್ನ ಕೈಕೆಳಗಿನವ. ಅವನ ಕೆಲಸರ ಏನು? ನಾ ಹೇಳಿದ್ದನ್ನ ಮಾಡೋದು!

ಸ್ನೇಹಲತಾ: ಅದಕ್ಕೇ ಬಂತು.

ಮಹೇಶಕುಮಾರ: ಈಗ ಅವ ಗೋಕರ್ಣದಾಗ ಕಾಲು ಚಾಚಿ ಬಿದ್ದ ಫೋಟೊ ಕಳಿಸಾಕತ್ತಾನ. ನಾ ಮೂರು ವರ್ಷದಿಂದ ಸಾಕಾತು, ಸುಸ್ತಾತು ಅಂತ ಕಂಡಕಂಡವರಿಗೆ ಹೇಳಿಕೋತ ಬಂದೀನಿ. ಒಂದರ ಕೆಂಪು ಬರದಿದ್ರ ನನ್ನ ಮಾತಿಗೆ ಏನು ಕಿಮ್ಮತ್ತು ಉಳೀತು? ಆ ಕುರ್ಚಿ ನೋಡು. ನೋಡಿದ್ರ ಕರುಳು ಚುರ್ ಅಂತೈತಿ.

ಕುರ್ಚಿ ಬಾಲ್ಕನಿಯಲ್ಲಿತ್ತು. ಕಾಲು ಚಾಚಿ ಮಲಗುವಂಥ ಆರಾಮ ಕುರ್ಚಿ. ತಂದು ಎರಡು ವರ್ಷವಾದರೂ ಮೇಲಿನ ಪ್ಲಾಸ್ಟಿಕ್ ಬಿಚ್ಚಿರಲಿಲ್ಲ. ಬಿಡುವು ಸಿಕ್ಕ ದಿನ ಬಿಚ್ಚುವುದೆಂದು ಮಹೇಶಕುಮಾರನ ಸಂಕಲ್ಪ. ಬಿಡುವಿದ್ದ ದಿನವೆಲ್ಲ ಅವನು ಸೋಫಾದ ಮೇಲೆ ಮಲಗಿ, ಬಿಡುವಿಲ್ಲವೆಂದು ಫೋನಿನಲ್ಲಿ ಹೇಳುತ್ತಿದ್ದ.

ಅಷ್ಟರಲ್ಲಿ ಸುಂದರಾಬಾಯಿ ಬಂದಳು. ಬಾಗಿಲ ಚೌಕಟ್ಟು ಹಿಡಿದು ನಿಂತು ಉಸಿರು ತೆಗೆದುಕೊಂಡಳು.

ಸ್ನೇಹಲತಾ: ಅಯ್ಯ, ಇನ್ನೂ ಮೆಟ್ಟಲ ಹತ್ತೇ ಬರಾಕತ್ತೀರೇನು? ಕೆಟ್ಟ ಸರ್ವಿಸ್ ಲಿಫ್ಟಿಂದು ಏನಾತ್ರಿ, ಅಪಾರ್ಟ್‌ಮೆಂಟಿನ ಸೆಕ್ರೆಟರಿ ಸಾಹೇಬ್ರ?

ಮಹೇಶಕುಮಾರ: ಕಮಿಟ್ಯಾಗ ಚರ್ಚಾ ನಡದೈತಿ.

ಸುಂದರಾಬಾಯಿ: ಮೂರು ತಿಂಗಳಾತ್ರಿ ಚರ್ಚಾ. ಆ ಕಡಿ ಲಿಫ್ಟಿನ್ಯಾಗ ಹೋಗಮಂದ್ರ ಬೋರ್ಡ್ ಹಾಕ್ಯಾರ, ಕೆಲಸದವರು ಹತ್ತಬಾರದು ಅಂತ.

ಬೋರ್ಡಿನ ಕೆಳಗೆ ಸಹಿ ಯಾರದೆಂದು ಅವಳು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಸ್ನೇಹಲತಾ ಗಂಡನ ಮುಖವನ್ನೊಮ್ಮೆ ನೋಡಿ ಮೆಟ್ರೊ ಹಿಡಿಯಲು ಹೊರಟಳು. ಮಹೇಶಕುಮಾರ ಮಾತ್ರ ಸುಂದರಾಬಾಯಿಯ ಏರಿಳಿಯುವ ಉಸಿರನ್ನೇ ನೋಡುತ್ತಿದ್ದ. ದಿನಕ್ಕೆ ಆರು ಮನೆ, ಹತ್ತು ಅಂತಸ್ತು, ಲಿಫ್ಟಿಲ್ಲ. ಅವನ ಮುಖ ನಿಧಾನವಾಗಿ ಅರಳಿತು.

ಮಹೇಶಕುಮಾರ: ಬಾಯಿ, ಒಂದು ಸಣ್ಣ ಕೆಲಸ ಐತಿ.

ಸುಂದರಾಬಾಯಿ: ಹಿಂದ ಸಣ್ಣ ಕೆಲಸ ಅಂದು ಏಳು ಫ್ಯಾನ್ ಒರಸಿಸೀರಿ.

ಮಹೇಶಕುಮಾರ: ಕೆಲಸಾನ ಅಲ್ಲ ಅನ್ರಿ. ಈ ವಾಚ್ ಮೂರು ದಿನ ಕೈಗೆ ಕಟ್ಟಿಕೊಂಡಿರ್ರಿ, ಅಷ್ಟ.

ಸುಂದರಾಬಾಯಿ: ಯಾಕ್ರಿ, ನಾ ತಡಾ ಮಾಡಿ ಬರ್ತೀನಂತೇನು?

ಮಹೇಶಕುಮಾರ: ಛೇ ಛೇ. ಇದು ಮನಷ್ಯಾಗ ಎಷ್ಟು ತ್ರಾಸ ಆಗಾಕತ್ತೈತಿ ಅಂತ ನೋಡ್ತೈತಿ.

ಸುಂದರಾಬಾಯಿ: ನೋಡಿ ಏನ್ ಮಾಡ್ತದ್ರಿ?

ಮಹೇಶಕುಮಾರ: ಬಣ್ಣ ತೋರಸ್ತೈತಿ.

ಸುಂದರಾಬಾಯಿ: ಅಷ್ಟೇನಾ? ಒಂದು ಕೊಡ ನೀರು ಎತ್ತಿ ಕೊಡಂಗಿಲ್ಲ?

ಮಹೇಶಕುಮಾರ: ಇಲ್ಲ. ಆದ್ರ ಕೆಂಪು ಬಂದ್ರ ರಜಾ ಸಿಗತೈತಿ.

ಸುಂದರಾಬಾಯಿ: ಯಾರಿಗ್ರಿ?

ಮಹೇಶಕುಮಾರ ಕೆಮ್ಮಿದ. ಗಂಟಲಲ್ಲಿ ಏನೂ ಇರಲಿಲ್ಲ.

ಮಹೇಶಕುಮಾರ: ಈಗಿನ ಮಟ್ಟಿಗೆ... ನನಗ.

ಸುಂದರಾಬಾಯಿ: ತ್ರಾಸ ನಂದು, ರಜಾ ನಿಮ್ದು. ಹೋದ ತಿಂಗಳ ಮೊಣಕಾಲು ಬ್ಯಾನಿ ಅದ, ಎರಡು ದಿನ ಸೂಟಿ ಕೊಡ್ರಿ ಅಂದಿದ್ದೆ. ಹದಿನೈದು ದಿನ ಮೊದಲ ಹೇಳಬೇಕು ಅಂದ್ರಿ.

ಮಹೇಶಕುಮಾರ: ಅದು ಪದ್ಧತಿ, ಬಾಯಿ.

ಸುಂದರಾಬಾಯಿ: ಬ್ಯಾನಿಗೆ ಗೊತ್ತಿರ್ಲಿಲ್ರಿ ಪದ್ಧತಿ.

ಮಹೇಶಕುಮಾರ: ಈ ಸಲ ನಿಮಗೂ ಎರಡು ದಿನ ಸೂಟಿ. ಹೇಳೋದು ಬ್ಯಾಡ, ಕೇಳೋದು ಬ್ಯಾಡ. ಖರೆ.

ಸುಂದರಾಬಾಯಿ: ಖರೆ? ಕೊಡ್ರಿ ಇಲ್ಲಿ. ಭಾಂಡಿ ತೊಳಿವಾಗ ಬಿಚ್ಚಬೇಕೇನು?

ಮಹೇಶಕುಮಾರ: ಏನೂ ಬಿಚ್ಚಬ್ಯಾಡ್ರಿ. ದಿನಾ ಹ್ಯಾಂಗ ಮಾಡ್ತೀರಿ ಹಂಗ ಮಾಡ್ರಿ. ಸಾಧ್ಯ ಆದ್ರ ಸ್ವಲ್ಪ ಜಾಸ್ತಿ.

ಗಡಿಯಾರ ಮೊದಲ ದಿನವೇ ಕೆಂಪಾಯಿತು, ಅದೂ ಬೆಳಗಿನ ಹತ್ತೂವರೆಗೆ. ಎರಡನೆಯ ದಿನವೂ ಕೆಂಪು, ಮೂರನೆಯ ದಿನವೂ ಕೆಂಪು. ಗುರುವಾರ ಬೆಳಿಗ್ಗೆ ಆಫೀಸಿನ ಆರೋಗ್ಯ ವಿಭಾಗದಿಂದ ಪೂರ್ವಿ ಎಂಬ ಬೆಂಗಳೂರಿನ ಹುಡುಗಿ ಫೋನು ಮಾಡಿದಳು. ಮಹೇಶಕುಮಾರ ಹೆಂಡತಿಗೂ ಕೇಳಲಿ ಎಂದು ಸ್ಪೀಕರಿಗೆ ಹಾಕಿದ. ಮೂಲೆಯಲ್ಲಿ ಸುಂದರಾಬಾಯಿ ನೆಲ ಒರೆಸುತ್ತಿದ್ದಳು.

ಪೂರ್ವಿ: ಸರ್, ಮೊದಲು ಕೂತ್ಕೊಳ್ಳಿ. ಕೂತಿದ್ದೀರಾ?

ಮಹೇಶಕುಮಾರ: ಕೂತೀನಿ, ಹೇಳ್ರಿ.

ಪೂರ್ವಿ: ಇಲ್ಲ ಸರ್, ನೀವು ಕೂತಿಲ್ಲ. ಬಗ್ಗಿದ್ದೀರಿ. ಹಿಂದಕ್ಕೆ ಹಿಂದಕ್ಕೆ ಹೋಗ್ತಿದ್ದೀರಿ. ನಂಗೆ ಇಲ್ಲಿ ಕಾಣಿಸ್ತಿದೆ.

ಮಹೇಶಕುಮಾರ ಕೈಸನ್ನೆ ಮಾಡಿದ. ಸುಂದರಾಬಾಯಿ ಒರೆಸುವ ಬಟ್ಟೆ ಬಿಟ್ಟು ಕೂತಳು.

ಪೂರ್ವಿ: ಹಾಂ, ಈಗ ಕೂತ್ರಿ. ಸರ್, ನಿನ್ನೆ ಒಂದೇ ದಿನ ಇಪ್ಪತ್ತಾರು ಸಾವಿರ ಹೆಜ್ಜೆ ಹಾಕಿದ್ದೀರಿ. ಅರವತ್ತು ಮಹಡಿ ಹತ್ತಿದ್ದೀರಿ. ಬೆಳಿಗ್ಗೆ ಹನ್ನೊಂದರ ಮೀಟಿಂಗಲ್ಲಿ ವಿಡಿಯೊದಲ್ಲಿ ಕೂತೇ ಇದ್ರಿ, ಆದ್ರೆ ಆ ಹೊತ್ತಲ್ಲಿ ಮೂರು ಸಾವಿರ ಹೆಜ್ಜೆ ಬಿದ್ದಿದೆ. ಹೇಗೆ ಸರ್?

ಮಹೇಶಕುಮಾರ: ಕಾಲು ಅಲುಗಾಡಿಸೋ ಚಟ ಐತಿ ನನಗ. ಟೆನ್ಷನ್ ಆದಾಗ.

ಪೂರ್ವಿ: ಕೈ ಕೂಡ ಒಂದೇ ಸಮ ಗರಗರ ತಿರುಗಿದೆ. ನಲವತ್ತು ನಿಮಿಷ.

ಸ್ನೇಹಲತಾ: (ಮೆಲ್ಲಗೆ) ಕಡಾಯಿ ತಿಕ್ಕ್ಯಾರ.

ಪೂರ್ವಿ: ನಿದ್ದೆ ಐದು ಗಂಟೆಯೂ ಇಲ್ಲ. ನಾನು ಈ ಕೆಲಸಕ್ಕೆ ಬಂದಮೇಲೆ ಇಂಥ ಕೆಂಪು ನೋಡಿಲ್ಲ. ಬಸವರಾಜ್ ಅವರದು ಇದರ ಮುಂದೆ ಬರೀ ಗುಲಾಬಿ. ನೀವು ಹೇಗೆ ಬದುಕಿದ್ದೀರಿ ಸರ್?

ಮಹೇಶಕುಮಾರನ ಕಣ್ಣಲ್ಲಿ ನೀರು ಬಂತು. ಮೂರು ವರ್ಷದಲ್ಲಿ ಮೊದಲ ಸಲ ಒಬ್ಬರು ಅವನ ಕಷ್ಟವನ್ನು ಅರ್ಥಮಾಡಿಕೊಂಡಿದ್ದರು.

ಮಹೇಶಕುಮಾರ: ಏನು ಮಾಡೋದ್ರಿ, ಜವಾಬ್ದಾರಿ.

ಪೂರ್ವಿ: ಒಂದೇ ಒಂದು ಒಳ್ಳೇದು ಅಂದ್ರೆ, ದಿನಾ ಮಧ್ಯಾಹ್ನ ಮೂರರಿಂದ ಹನ್ನೊಂದು ನಿಮಿಷ ಪೂರ್ತಿ ಹಸಿರು. ಆಗೇನು ಮಾಡ್ತೀರಿ ಸರ್?

ಮಹೇಶಕುಮಾರ: (ಬಾಲ್ಕನಿಯ ಕಡೆ ನೋಡಿ) ಧ್ಯಾನ.

ಪೂರ್ವಿ: ವಾವ್. ಸರಿ ಸರ್, ಈ ಕ್ಷಣದಿಂದ ಏಳು ದಿನ ರಜೆ. ಆದ್ರೆ ಕೆಂಪು ಬಂದವರ ಮೇಲೆ ನಾವು ಪೂರ್ತಿ ನಿಗಾ ಇಡ್ತೀವಿ. ದಿನಕ್ಕೆ ಎರಡು ಸಾವಿರ ಹೆಜ್ಜೆ ದಾಟಿದ್ರೆ ರಜೆ ರದ್ದು, ಸೀದಾ ಆಸ್ಪತ್ರೆ. ಎಂಟು ಗಂಟೆ ನಿದ್ದೆ ಆಗ್ಲೇಬೇಕು. ಗಡಿಯಾರ ಎರಡು ಸೆಕೆಂಡೂ ಬಿಚ್ಚಬಾರದು.

ಮಹೇಶಕುಮಾರ: ಬಿಚ್ಚಿದ್ರ?

ಪೂರ್ವಿ: ಎದೆಬಡಿತ ನಿಂತಿತು ಅಂತ ತಿಳ್ಕೊಂಡು ಆಂಬುಲೆನ್ಸ್ ಬರುತ್ತೆ.

ಫೋನು ಇಟ್ಟಮೇಲೆ ಮೂವರೂ ಸುಂದರಾಬಾಯಿಯ ಮುಂಗೈಯನ್ನೇ ನೋಡಿದರು. ಅವಳು ಎದ್ದು ಒರೆಸುವ ಬಟ್ಟೆಗೆ ಕೈಹಾಕಿದಳು.

ಮಹೇಶಕುಮಾರ: ಏಳಬ್ಯಾಡ್ರಿ! ಮೂರು ಹೆಜ್ಜಿ ಹೋದ್ವು!

ಸುಂದರಾಬಾಯಿ: ಹಂಗಾರ ನೆಲ ಯಾರು ಒರಸ್ತಾರ್ರಿ?

ಮಹೇಶಕುಮಾರ: ಅದು ಆಮ್ಯಾಲ ನೋಡೋಣ. ಬಾಯಿ, ಏಳು ದಿನ ನೀವು ಇಲ್ಲೇ ಇರಬೇಕು. ಕೂಡಬೇಕು, ಮಲಗಬೇಕು. ಮತ್ತೇನೂ ಮಾಡಬಾರದು.

ಸುಂದರಾಬಾಯಿ: ಇನ್ನೈದು ಮನ್ಯಾಗ ಭಾಂಡಿ ಬಿದ್ದಾವ್ರಿ. ನಾ ಹೋಗದಿದ್ರ ಸಂಜಿ ಅನ್ನೋದ್ರಾಗ ಬ್ಯಾರೆಯವ್ರನ್ನ ಇಟ್ಕೋತಾರ. ನೀವು ಹೇಳೀರಿ ಅಂತ ಮಲಗಿ ಹೊಟ್ಟಿ ಮ್ಯಾಲ ತಣ್ಣೀರ ಬಟ್ಟಿ ಹಾಕ್ಕೊಳ್ಳೇನು? ಬಿಚ್ಚತೀನಿ ನೋಡ್ರಿ.

ಮಹೇಶಕುಮಾರ: ಬ್ಯಾಡ್ರಿ! ಬದಲಿ ಕೊಟ್ರ ಆತಲ್ಲ? ನಿಮ್ಮ ಕಡೆಯಿಂದ ಇನ್ನೊಬ್ಬರು ಹೋದ್ರ?

ಸುಂದರಾಬಾಯಿ: ನಡೀತದ್ರಿ. ಆದ್ರ ಖಾಲಿ ಇದ್ದವ್ರು ಯಾರು ಸಿಗ್ತಾರ ಈಗ?

ಸ್ನೇಹಲತಾ ಕೈಚೀಲ ಹೆಗಲಿಗೇರಿಸಿದಳು.

ಸ್ನೇಹಲತಾ: ಒಬ್ಬರು ಸಿಕ್ಕಾರ. ಇವತ್ತಿನಿಂದ ಏಳು ದಿನ ರಜಾ ಐತಿ ಅವರಿಗೆ.

ಮಹೇಶಕುಮಾರ ತಲೆಗೆ ಟವೆಲು ಸುತ್ತಿ, ಮೂಗಿನ ತನಕ ಮಾಸ್ಕು ಏರಿಸಿ ಹೊರಟ. ಗುರುತು ಹತ್ತಬಾರದೆಂದು ಅವನ ಲೆಕ್ಕ. ಕೆಳಗಿಳಿದು ಬಕೆಟ್ಟಿನಲ್ಲಿ ಸಾಮಾನು ತುಂಬಿಕೊಂಡು ಬಂದರೆ ಲಿಫ್ಟಿನ ಬಾಗಿಲಲ್ಲಿ ವಾಚ್‌ಮನ್ ಚಂದ್ರಾಮ ಅಡ್ಡ ನಿಂತ.

ಚಂದ್ರಾಮ: ಈ ಲಿಫ್ಟ್ ನಡಿಯಂಗಿಲ್ಲ. ಮೆಟ್ಟಲು ಆ ಕಡಿ.

ಮಹೇಶಕುಮಾರ: (ಮಾಸ್ಕು ಇಳಿಸಿ) ಚಂದ್ರಾಮ, ನಾನು. ಸೆಕ್ರೆಟರಿ.

ಚಂದ್ರಾಮ: ಮೊದಲೇ ಗುರ್ತು ಹಿಡದೀನಿ ಸಾಬ್. ಸೆಕ್ರೆಟರಿ ಬರಬಹುದು. ಬಕೆಟ್ ಬರಂಗಿಲ್ಲ. ಬೋರ್ಡ್ ನೋಡ್ರಿ, ನೀವೇ ಬರಸೀರಿ.

ಮಹೇಶಕುಮಾರ: ನಾ ಇದರಾಗ ಮ್ಯಾಲ ಹೋದ್ರ ಬಕೆಟ್ ಹ್ಯಾಂಗ ಬರಬೇಕೋ?

ಚಂದ್ರಾಮ: ಅದು ಕಮಿಟ್ಯಾಗ ಚರ್ಚಾ ಆಗಬೇಕು ಸಾಬ್.

ಒಂಬತ್ತನೆಯ ಮಹಡಿ ಮುಟ್ಟುವಷ್ಟರಲ್ಲಿ ಮಹೇಶಕುಮಾರನಿಗೆ ತನ್ನ ಎದೆಬಡಿತ ಕಿವಿಯಲ್ಲೇ ಕೇಳಿಸಿತು. ಇದೇ ಬಡಿತ! ಇದೇ ಕೆಂಪು! ಆದರೆ ನೋಡಿ ಒಪ್ಪಬೇಕಾದ ಗಡಿಯಾರ ನಾಲ್ಕನೆಯ ಮಹಡಿಯಲ್ಲಿ ಕೂತು ಚಹಾ ಕುಡಿಯುತ್ತಿತ್ತು.

ಮಧ್ಯಾಹ್ನ ಮೂರಕ್ಕೆ ಅವನು ಆ ಸಿಮೆಂಟು ಬೆಂಚಿನ ಮೇಲೆ ಕುಸಿದ. ಸಾಧಕಿ ಕೂತ ಜಾಗ, ತಾನೂ ಒಂದು ಕೈ ನೋಡಿಯೇಬಿಡೋಣವೆಂದು ಕಣ್ಣು ಮುಚ್ಚಿದ. ತೆರೆದದ್ದು ಏಳುನೂರ ಒಂದನೆಯ ಮನೆಯವರು ಮೇಲಿನಿಂದ ಕೂಗಿದಾಗ.

ಸಂಜೆ ಮನೆಗೆ ಬಂದರೆ ಆರಾಮ ಕುರ್ಚಿಯ ಪ್ಲಾಸ್ಟಿಕ್ಕು ಚೂರುಚೂರಾಗಿ ಕೆಳಗೆ ಬಿದ್ದಿತ್ತು. ಸುಂದರಾಬಾಯಿ ಕಾಲು ಚಾಚಿ ಒರಗಿ ಫೋನಿನಲ್ಲಿದ್ದಳು.

ಸುಂದರಾಬಾಯಿ: ಹೇಳ್ರಿ ಶಾರದಾಬಾಯಿ... ಹೌದ್ರಿ, ಹೊಸಬ. ನಮ್ಮ ಕಡಿಯವನೇ... ಕುಕ್ಕರಿಗೆ ಸಬಕಾರದ ನೊರಿ ಉಳೀತದ? ಹೇಳ್ತೀನ್ರಿ... ಮೂಲ್ಯಾಗಿನ ಕಸ ಬಿಡ್ತಾನ? ಇಲ್ರಿ, ತಗದುಹಾಕಬ್ಯಾಡ್ರಿ. ಮನಷ್ಯಾ ಚೊಲೊ ಇದ್ದಾನ, ಕೆಲಸ ಮಾಡಿ ಗೊತ್ತಿಲ್ಲ ಅಷ್ಟ. (ಫೋನು ಇಟ್ಟು) ಕೇಳಿದ್ರೇನು ಸಾಹೇಬ್ರ? ಆರುನೂರ ಎರಡರವರು ಖುಷಿ ಇಲ್ಲ.

ಮಹೇಶಕುಮಾರ: ನಾಳೆ ಸುಧಾರಿಸ್ತೀನ್ರಿ.

ಸುಂದರಾಬಾಯಿ: ಹಂಗೇ ಒಂದು ತಂಬಗಿ ನೀರು ತರ್ರಿ. ನಾ ಎದ್ರ ನಿಮ್ಮ ಹೆಜ್ಜಿ ಖರ್ಚಾಗ್ತಾವ. ಮತ್ತ ನಮ್ಮ ಮನಿಯವ್ರಿಗೆ ಡಬ್ಬಿ ಕಳಿಸಬೇಕು. ಖಾರ ಮುಂದ ಇರ್ಲಿ.

ಮಹೇಶಕುಮಾರ: ಬಾಯಿ, ನಾಳೆ ಮುಂಜಾನಿ ಒಂದು ತಾಸು ಸೂಟಿ ಸಿಗಬಹುದೇನು? ಸೊಂಟ ಹಿಡದೈತಿ.

ಸುಂದರಾಬಾಯಿ: ಹದಿನೈದು ದಿನ ಮೊದಲ ಹೇಳಬೇಕಿತ್ರಿ.

ಮೂರನೆಯ ದಿನ ಕಾರ್ಯದರ್ಶಿ ಮಹೇಶಕುಮಾರ ಆರನೆಯ ಮಹಡಿಯ ಮೆಟ್ಟಿಲ ಮೇಲೆ ಬಕೆಟ್ಟಿಟ್ಟು ಅಲ್ಲಿಂದಲೇ ಒಂದು ಫೋನು ಮಾಡಿದ. ಮೂರು ತಿಂಗಳ ಚರ್ಚೆ ನಾಲ್ಕು ನಿಮಿಷದಲ್ಲಿ ಮುಗಿಯಿತು. ಮರುದಿನ ಸರ್ವಿಸ್ ಲಿಫ್ಟು ಓಡಿತು. ಬೋರ್ಡು ತಾನಾಗಿಯೇ ಬಿದ್ದುಹೋಯಿತೆಂದು ಕಮಿಟಿಗೆ ವರದಿಯಾಯಿತು. ಅದು ಬಿದ್ದಾಗ ಸ್ಕ್ರೂಗಳು ಮಾತ್ರ ಸಾಲಾಗಿ ಕಿಟಕಿಯ ಮೇಲೆ ಕೂತಿದ್ದವೆಂದು ಚಂದ್ರಾಮ ಯಾರಿಗೂ ಹೇಳಲಿಲ್ಲ.

ಏಳನೆಯ ದಿನ ಸಂಜೆ ಪೂರ್ವಿಯ ಫೋನು ಬಂತು. ಎಂಟೆಂಟು ಗಂಟೆ ನಿದ್ದೆ, ಅಚ್ಚ ಹಸಿರು, ಕಂಪನಿಯ ಇತಿಹಾಸದಲ್ಲೇ ಇಂಥ ಚೇತರಿಕೆ ಇಲ್ಲ ಎಂದಳು. ನಾಳೆ ಹನ್ನೊಂದಕ್ಕೆ ನಾನೂರು ಜನರ ಮುಂದೆ ಸರ್ ಹತ್ತು ನಿಮಿಷ ಮಾತಾಡಬೇಕು, ವಿಷಯ 'ಮೂರು ಗಂಟೆಯ ಧ್ಯಾನ' ಎಂದಳು. ಬಸವರಾಜನೂ ಕೇಳಲು ಬರುತ್ತಾನೆಂದು ಸೇರಿಸಿದಳು. ಮಹೇಶಕುಮಾರ ಒಪ್ಪಿಬಿಟ್ಟ. ಸೊಂಟ ಬಿದ್ದಿತ್ತು, ಬೆರಳು ಸೋಪಿಗೆ ಸುಕ್ಕಾಗಿದ್ದವು, ಆದರೂ ನಾನೂರು ಜನರೆಂದಾಕ್ಷಣ ಎದೆ ಉಬ್ಬಿತು. ಇಬ್ಬರು ಹೆಂಗಸರಿಗೂ ಚಹಾ ತಂದುಕೊಟ್ಟು, ಒಂದು ನೋಟ್‌ಬುಕ್ ಹಿಡಿದು ಆರಾಮ ಕುರ್ಚಿಯ ಪಕ್ಕ ನೆಲದ ಮೇಲೆ ಕೂತ.

ಮಹೇಶಕುಮಾರ: ಬಾಯಿ, ಇವತ್ತು ಏನೂ ಮುಚ್ಚಿಡಬ್ಯಾಡ್ರಿ. ಆ ಬೆಂಚಿನ ಮ್ಯಾಲ ಕೂಡೋವಾಗ ಬೆನ್ನು ಯಾಕ ನೆಟ್ಟಗ ಇಡ್ತೀರಿ?

ಸುಂದರಾಬಾಯಿ: ಒರಗಿದ್ರ ಜನರೇಟರಿನ ಗ್ವಾಡಿ ಸುಡ್ತದ್ರಿ.

ಅವನು ಬರೆದುಕೊಂಡ: 'ಆಸರೆಯನ್ನು ತೊರೆಯುವುದು.'

ಮಹೇಶಕುಮಾರ: ಕೈ ಮೊಣಕಾಲ ಮ್ಯಾಲ ಯಾಕ?

ಸುಂದರಾಬಾಯಿ: ಮೊಣಕಾಲು ಬ್ಯಾನಿ ಅಂದಿದ್ದೆನಲ್ರಿ. ಹಿಡ್ಕೊಂಡಿರ್ತೀನಿ.

'ನೋವನ್ನು ಕೈಯಲ್ಲಿ ಹಿಡಿಯುವುದು' ಎಂದು ಬರೆದು ಕೆಳಗೆ ಗೆರೆ ಎಳೆದ. ಸ್ನೇಹಲತಾ ಚಹಾದ ಕಪ್ಪಿನೊಳಗೆ ಮುಖ ಹುದುಗಿಸಿದಳು.

ಮಹೇಶಕುಮಾರ: ಸರಿಯಾಗಿ ಹನ್ನೊಂದು ನಿಮಿಷ ಯಾಕ? ಹತ್ತಲ್ಲ, ಹನ್ನೆರಡಲ್ಲ?

ಸುಂದರಾಬಾಯಿ: ಆ ಹೊತ್ತಿಗೆ ಏಳುನೂರ ಒಂದರವರು ಒದರ್ತಾರ.

'ಕರೆ ಬಂದಾಗ ಏಳುವುದು.' ಈ ಸಲ ಎರಡು ಗೆರೆ ಎಳೆದ.

ಮಹೇಶಕುಮಾರ: ಕಡೀದು ಒಂದು ಉಳದೈತಿ ನೋಡ್ರಿ, ಅಲ್ಲೇ ಸಿಕ್ಕಿಬಿದ್ದೀನಿ. ಏಳು ದಿನ ನಾನೂ ಮೂರಕ್ಕ ಅಲ್ಲೇ ಕೂತೀನಿ. ಬೆನ್ನು ನೆಟ್ಟಗ, ಕೈ ಮೊಣಕಾಲ ಮ್ಯಾಲ, ಎಲ್ಲಾ ನಿಮ್ಮಂಗ. ಆದ್ರ ಕಣ್ಣು ಮುಚ್ಚಿದ್ದ ತಡ, ನಿದ್ದಿ ಬಂದು ಇಡೀ ಧ್ಯಾನಾನ ಕೆಡಿಸಿಬಿಡತೈತಿ. ಬಾಯಿ, ಅಲ್ಲಿ ಕೂತಾಗ ನೀವು ನಿದ್ದಿ ಹ್ಯಾಂಗ ತಡೀತೀರಿ?

ಸುಂದರಾಬಾಯಿ ಕಪ್ಪು ಕೆಳಗಿಟ್ಟು, ಅವನ ಸುಕ್ಕಾದ ಬೆರಳುಗಳನ್ನೂ ತುದಿಗಾಲಲ್ಲಿ ನಿಂತ ಪೆನ್ನನ್ನೂ ನೋಡಿದಳು.

ಸುಂದರಾಬಾಯಿ: ತಡಿಯೋದ್ಯಾಕ್ರಿ ಸಾಹೇಬ್ರ? ನಾ ಕೂಡೋದೇ ನಿದ್ದಿಗೆ.